ಒಂದು ಅಚ್ಚು, ಹಲವು ವಾಲ್ಕಿರಿಗಳು

ರೂಪ ಬದಲಿಸುವ ಜಪಾನಿ ರೋಬೋಟ್ ಆಟಿಕೆಗಳನ್ನು ಕೂಡಿಡುವವರಲ್ಲಿ ಬಹಳ ಜನ ಪೆಟ್ಟಿಗೆಗೆ ಮರುಳಾಗುತ್ತಾರೆ. ನಾನು ಮರುಳಾದದ್ದು ಆಟಿಕೆಯನ್ನು ಎರಕ ಹೊಯ್ಯುವ ಅಚ್ಚಿಗೆ. ಪೆಟ್ಟಿಗೆಯ ಮೇಲಿನ ಹೆಸರು ಬದಲಾದೀತು, ಕಂಪನಿಯೇ ಮುಳುಗೀತು, ಅಚ್ಚು ಮಾತ್ರ ಕೈಯಿಂದ ಕೈಗೆ ದಾಟುತ್ತದೆ. ಅದಕ್ಕೆ ‘ಮ್ಯಾಕ್ರಾಸ್’ ಎಂಬ ಜಪಾನಿ ಅನಿಮೇಷನ್ ಧಾರಾವಾಹಿಯಲ್ಲಿ ಯಂತ್ರಮಾನವನಾಗಿ ಬದಲಾಗುವ ಯುದ್ಧವಿಮಾನ ವಿಎಫ್-1 ವಾಲ್ಕಿರಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

1982ರಲ್ಲಿ ಪ್ರಸಾರ ಆರಂಭಿಸಿದ ಈ ಧಾರಾವಾಹಿಗೆ ಶೋಜಿ ಕವಾಮೊರಿ ರೂಪಿಸಿದ ಈ ವಿಮಾನದಲ್ಲಿ ಅಮೆರಿಕದ ಎಫ್-14 ಯುದ್ಧವಿಮಾನದ ಛಾಯೆ ಢಾಳಾಗಿದೆ. ಎಂಜಿನ್‌ಗಳೇ ಕಾಲುಗಳಾಗುತ್ತವೆ, ವಿಮಾನಕ್ಕೂ ಯಂತ್ರಮಾನವನಿಗೂ ನಡುವೆ ‘ಗರ್ವಾಕ್’ ಎಂಬ ಅರೆರೂಪವೂ ಇದೆ. ಟಕಟೊಕು ಎಂಬ ಆಟಿಕೆ ಕಂಪನಿ ಇದನ್ನು 1/55 ಅಳತೆಯಲ್ಲಿ, ಅಂದರೆ ಕಥೆಯ ವಿಮಾನದ ಐವತ್ತೈದನೇ ಒಂದು ಪಾಲು ಉದ್ದದಲ್ಲಿ, ತಂದಿತು. 1984ರಲ್ಲಿ ಆ ಕಂಪನಿ ದಿವಾಳಿಯೆದ್ದಿತು, ಅಚ್ಚು ಬಂಡೈ ಪಾಲಾಯಿತು. ಅತ್ತ 1985ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಕಂಪನಿ ಇದೇ ಆಟಿಕೆಯನ್ನು ತನ್ನ ಟ್ರಾನ್ಸ್‌ಫಾರ್ಮರ್ಸ್ ರೋಬೋಟ್‌ಗಳ ಸಾಲಿಗೆ ಸೇರಿಸಿ ‘ಜೆಟ್‌ಫೈರ್’ ಎಂದು ಮಾರಿತು. ಆ ಸಾಲಿನ ಬಹುಪಾಲು ಆಟಿಕೆಗಳು ಟಕಾರಾ ಕಂಪನಿಯವು. ಇದೊಂದು ಎದುರು ಮನೆಯ, ಅಂದರೆ ಪ್ರತಿಸ್ಪರ್ಧಿ ಬಂಡೈಯ, ಕೂಸು. ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನಲ್ಲಿ ಆ ಪಾತ್ರದ ಹೆಸರು ‘ಸ್ಕೈಫೈರ್’ ಆಗಿ, ಚಹರೆಯೂ ಬೇರೆಯಾದದ್ದರ ಹಿಂದೆ ಹಕ್ಕುಗಳ ಈ ತೊಡಕಿದೆ.

ಹೋಲಿಸಲು ಕೂತಾಗ ನಾನು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ಆಟಿಕೆಯನ್ನು ಬೋರಲು ಹಾಕುತ್ತೇನೆ. ಅಚ್ಚಿನಲ್ಲೇ ಮೂಡಿದ ಇಸವಿ ಹಕ್ಕುಸ್ವಾಮ್ಯಕ್ಕೆ ಸೇರಿದ್ದು. ಆ ಪ್ರತಿ ಎಂದು ತಯಾರಾಯಿತೆಂದು ಅದು ಹೇಳುವುದಿಲ್ಲ. ಆ ಅಂಕಿಯನ್ನೇ ತೋರಿಸಿ ‘ಮೂಲ ಪ್ರತಿ’ ಎಂದು ಬೆಲೆ ಏರಿಸುವವರಿಗೇನೂ ಬರವಿಲ್ಲ. ಜೆಟ್‌ಫೈರ್ ಆದರೆ ಲಾಂಛನ ನೋಡುತ್ತೇನೆ. ಮೊದಲ ಕಂತಿನವುಗಳ ಮೇಲೆ ಮ್ಯಾಕ್ರಾಸ್‌ನ ಗಾಳಿಪಟದಾಕಾರದ ಗುರುತು ಹಾಗೆಯೇ ಉಳಿದಿದೆ. ಆಮೇಲಿನವುಗಳಲ್ಲಿ ಅದರ ಜಾಗಕ್ಕೆ ಟ್ರಾನ್ಸ್‌ಫಾರ್ಮರ್ಸ್ ಕಥೆಯ ಒಳ್ಳೆಯವರ ಬಣವಾದ ಆಟೊಬಾಟ್‌ಗಳ ಮುಖದ ಲಾಂಛನ ಬಂದಿದೆ.

ಮುಂದಿನ ಕೆಲಸ ಅಳತೆಪಟ್ಟಿಯದು. ಕಥೆಯಲ್ಲಿ ವಿಮಾನದ ಉದ್ದ 14.23 ಮೀಟರ್. ಆ ಲೆಕ್ಕದಲ್ಲಿ 1/55 ಪ್ರತಿ ಸುಮಾರು 26 ಸೆಂಟಿಮೀಟರ್, 1/60 ಸುಮಾರು 24, 1/48 ಸುಮಾರು 30 ಬರಬೇಕು. ಮಾರುವವರ ವಿವರಣೆಯಲ್ಲಿ ಅಳತೆ ಅದಲುಬದಲಾಗಿರುವುದು ಹೊಸದಲ್ಲ.

ನಿಜವಾದ ರುಚಿ ಇರುವುದು ಕೀಲುಗಳಲ್ಲಿ. ಹಳೆಯ 1/55ರಲ್ಲಿ ಕಾಲುಗಳನ್ನು ಹಿಡಿದ ಪಟ್ಟಿಗಳು ಕೆಳಕ್ಕೆ ತಿರುಗಿ, ಮೂತಿಯ ಎರಡೂ ಬದಿಗೆ ಬಂದು ‘ಟಕ್’ ಎಂದು ಕೂರುತ್ತವೆ. ಚಾಲಕನ ಗಾಜಿನ ಮೇಲೆ ರಕ್ಷಾಫಲಕ ಮಗುಚಿಕೊಳ್ಳುತ್ತದೆ. ಏನನ್ನೂ ಕಳಚಬೇಕಾಗಿಲ್ಲ. ಇದಕ್ಕೆ ತೆತ್ತ ಬೆಲೆ ಎಂದರೆ ದಪ್ಪ ಕಾಲು, ವಿಮಾನರೂಪದಲ್ಲಿ ಹೊಟ್ಟೆಯಡಿ ಜೋತಾಡುವ ತೋಳು. ಯಮಾಟೊ ಕಂಪನಿಯ ಮೊದಲ 1/60 ನೋಡಲು ಎಷ್ಟೋ ಲಕ್ಷಣವಾಗಿತ್ತು, ಆದರೆ ರೂಪ ಬದಲಿಸಲು ಕಾಲು ಕಳಚಿ ಮತ್ತೆ ಸಿಕ್ಕಿಸಬೇಕಿತ್ತು. ನನ್ನ ಮಟ್ಟಿಗೆ ಅದು ರೂಪಾಂತರವೇ ಅಲ್ಲ. ಅದೇ ಕಂಪನಿಯ 1/48 ಆ ಕೊರತೆಯನ್ನು ನೀಗಿಸಿತು: ತೆಳು ಮೈಯೂ ಇದೆ, ಕಳಚುವ ಗೋಜೂ ಇಲ್ಲ. ಚೆಂದದಲ್ಲಿ 1/48ಕ್ಕೇ ಮೊದಲ ಅಂಕ. ಆದರೂ ಮನೆಗೆ ಬಂದ ಮಕ್ಕಳ ಕೈಗೆ ಧೈರ್ಯವಾಗಿ ಕೊಡುವುದು 1/55ನ್ನೇ.

ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗುವುದು ಹಳೆಯ ಜೆಟ್‌ಫೈರ್‌ಗೆ ಅಂಟಿದ ಜಾಡ್ಯ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ನೇರಳಾತೀತ ಬೆಳಕಿಗೆ ಒಡ್ಡಿದರೆ ಬಿಳುಪು ಮರಳುತ್ತದೆ, ಆದರೆ ಕಾಲಕ್ರಮೇಣ ಹಳದಿ ಮತ್ತೆ ಇಣುಕಬಹುದು. ನಾನು ಹಾಗೆಯೇ ಬಿಟ್ಟು, ಕಿಟಕಿಯಿಂದ ದೂರದ ಕಪಾಟಿನಲ್ಲಿ ಇಡುತ್ತೇನೆ. ಕೊಳ್ಳುವಾಗ ನಾನು ಚೌಕಾಸಿ ಮಾಡುವುದು ಬಣ್ಣಕ್ಕಲ್ಲ, ಬಿಡಿಭಾಗಗಳಿಗೆ: ಕೆಂಪು ಕವಚದ ತುಂಡುಗಳು, ಮುಖವಾಡ, ಬಂದೂಕು. ಬಿಡಿಯಾಗಿ ಹುಡುಕಲು ಹೊರಟರೆ ಇವುಗಳ ಖರ್ಚೇ ಆಟಿಕೆಯ ಬೆಲೆಯನ್ನು ಮೀರಬಹುದು.