ಜಮೀನಿನ ಬೆಲೆ ಏರಿದಾಗ ಒಡಹುಟ್ಟಿದವರು ಪಾಲು ಮಾಡಿಕೊಳ್ಳುವ ಬಗೆ

ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಬಡಾವಣೆಯ ಬೆಲೆ ಬಂದ ಮೇಲೆ, ಅದರಲ್ಲೂ 2020ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವಂತಾದ ಮೇಲೆ, ಬಾಯಿಮಾತಿನಲ್ಲೇ ನಡೆದುಬಂದಿದ್ದ ಮನೆಗಳಲ್ಲಿ ಪಾಲಿನ ಪ್ರಶ್ನೆ ಒಮ್ಮೆಗೇ ಎದ್ದಿದೆ. ಬೆಲೆ ಯಾರ ಹಿಡಿತದಲ್ಲೂ ಇಲ್ಲ. ಮಾತುಕತೆಯ ಕ್ರಮವನ್ನಾದರೂ ನಾವು ಹಿಡಿತದಲ್ಲಿಟ್ಟುಕೊಳ್ಳಬಹುದು.

ದಲ್ಲಾಳಿ ಮನೆ ಬಾಗಿಲಿಗೆ ಬರುವ ಮುನ್ನವೇ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ) ಪ್ರತಿ, ಋಣಭಾರ ಪತ್ರ ಮತ್ತು ವಂಶವೃಕ್ಷವನ್ನು ತೆಗೆಸಿ, ಎಲ್ಲರಿಗೂ ನಕಲು ಕೊಡಿ. ಪಿತ್ರಾರ್ಜಿತ ಜಮೀನಿನ ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದ್ದ ಮಾತ್ರಕ್ಕೆ ಅದು ಅವನೊಬ್ಬನದಾಗುವುದಿಲ್ಲ. ಯಾರೂ ಉಳಿದವರಿಗೆ ತಿಳಿಸದೆ ಮುಂಗಡ ಪಡೆಯಬಾರದು. ಒಡಕು ಬಹುಪಾಲು ಅಲ್ಲಿಂದಲೇ ಶುರುವಾಗುತ್ತದೆ.

ಹೆಣ್ಣುಮಕ್ಕಳನ್ನು ಕೊನೆಗೆ ಕರೆಯುವ ರೂಢಿಯನ್ನು ಬಿಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿದೆ. ಗೌರಿ ಹಬ್ಬಕ್ಕೆ ತವರಿಗೆ ಬಂದ ತಂಗಿಯ ಮುಂದೆ ಬಾಗಿನದ ಮೊರದ ಜೊತೆಗೇ ಹಕ್ಕು ಬಿಡುಗಡೆ ಪತ್ರವನ್ನೂ ಇಟ್ಟು ಸಹಿ ಕೇಳುವುದು ಪ್ರೀತಿಯ ಹೆಸರಿನಲ್ಲಿ ಮಾಡುವ ಒತ್ತಾಯವೇ ಸರಿ. ಆಕೆ ಪಾಲು ಬಿಡುವುದಾದರೆ, ಪತ್ರವನ್ನು ತನ್ನ ವಕೀಲರಿಗೆ ತೋರಿಸಿ, ಯೋಚಿಸಿ ಬಿಡಲಿ.

ಎಲ್ಲಕ್ಕಿಂತ ಕಷ್ಟದ ಮಾತು ಊರಲ್ಲೇ ಉಳಿದವನದು. ಕೊಳವೆಬಾವಿಯ ಸಾಲ ತೀರಿಸಿದವನು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದವನು, ಅಪ್ಪನ ಹಾಸಿಗೆ ಬದಲಿಸಿದ ಅವನ ಹೆಂಡತಿ, ಇವರ ದುಡಿಮೆ ಯಾವ ಪಹಣಿಯಲ್ಲೂ ಬರುವುದಿಲ್ಲ. ಗುಂಟೆ ಅಳೆಯುವ ಮುನ್ನ ಇದನ್ನು ಎಲ್ಲರೆದುರು ಒಂದು ಹಾಳೆಯಲ್ಲಿ ಬರೆಯಿರಿ. ಖರ್ಚಾದ ಹಣಕ್ಕೆ ಲೆಕ್ಕ ಕೊಟ್ಟು ತೀರಿಸಬಹುದು. ಆರೈಕೆಗೆ ಬೆಲೆ ಕಟ್ಟಲು ಹೊರಟರೆ ಅದು ಕೂಲಿಯಾಗಿಬಿಡುತ್ತದೆ, ಕಡೆಗಣಿಸಿದರೆ ಜೀವಮಾನದ ಕಹಿಯಾಗುತ್ತದೆ. ಆದ್ದರಿಂದ ಹಳೆಯ ಮನೆಯನ್ನೋ ಬಾವಿ ಪಕ್ಕದ ತುಂಡನ್ನೋ ಎಲ್ಲರೂ ಒಪ್ಪಿ ಅವರಿಗೆ ಬಿಟ್ಟುಕೊಡುವುದೇ ಮೇಲೆಂದು ನನಗೆ ತೋರುತ್ತದೆ.

ಅಳತೆ ಸಮವಾದ ಮಾತ್ರಕ್ಕೆ ಪಾಲು ಸಮವಾಗುವುದಿಲ್ಲ. ನಾಲ್ವರಿಗೆ ಸಮನಾಗಿ ಸೇರಬೇಕಾದ 2 ಎಕರೆ, ಅಂದರೆ 80 ಗುಂಟೆ, ಇದೆಯೆಂದುಕೊಳ್ಳಿ. ತಲಾ 20 ಗುಂಟೆ ಹಂಚಿದರೂ ರಸ್ತೆ ಬದಿಯ 20 ಗುಂಟೆಯ ಬೆಲೆಯೇ ಬೇರೆ. ಎಲ್ಲರಿಗೂ ರಸ್ತೆ ತಗಲುವಂತೆ ಉದ್ದುದ್ದ ಪಟ್ಟಿಗಳಾಗಿ ಸೀಳಿ, ಇಲ್ಲವೇ ರಸ್ತೆ ಬದಿ ಪಡೆದವರು ವ್ಯತ್ಯಾಸದ ಹಣ ಕೊಡಲಿ. ತುಂಡು ಮಾಡುವವರು ಒಬ್ಬರಾದರೆ ಮೊದಲು ಆರಿಸಿಕೊಳ್ಳುವವರು ಮತ್ತೊಬ್ಬರಾಗಲಿ. ಗಾಡಿ ದಾರಿ, ಕೊಳವೆಬಾವಿ ಮತ್ತು ಸಮಾಧಿಯ ಜಾಗ ಎಲ್ಲರಿಗೂ ಸೇರಿದ್ದೆಂದು ಪತ್ರದಲ್ಲೇ ಬರೆಸಿ.

ಊರ ಹಿರಿಯರ ಮುಂದೆ ಬರೆದ ಪಾಲುಪಟ್ಟಿಗೆ ನಿಲ್ಲಿಸದೆ, ಸರ್ವೆಯವರಿಂದ ಪ್ರತಿ ತುಂಡಿನ ಅಳತೆ, ಗಡಿ ತೋರಿಸುವ 11ಇ ನಕ್ಷೆ ಮಾಡಿಸಿ, ವಿಭಾಗ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಪ್ರತಿಯೊಬ್ಬರ ಹೆಸರಿಗೂ ಖಾತೆ ಮಾಡಿಸಿಕೊಳ್ಳಿ. ಮುಂದೆ ಯಾರಾದರೂ ಮಾರುವುದಾದರೆ ಹೊರಗಿನವರಿಗೆ ಹೇಳುವ ಮೊದಲು ಒಡಹುಟ್ಟಿದವರಿಗೆ ಲಿಖಿತವಾಗಿ ತಿಳಿಸಬೇಕು, ಉತ್ತರ ಕೊಡಲು ಇಂತಿಷ್ಟು ದಿನ ಎಂಬ ಷರತ್ತನ್ನೂ ಅದೇ ಪತ್ರದಲ್ಲಿ ಸೇರಿಸಿ.