ಒರಳಿನ ಗುಂಡು ಹಿಡಿದುಕೊಂಡು ಡೈನೋಸಾರ್ ಮ್ಯೂಸಿಯಂಗೆ: ನನ್ನ ಅನುಭವ

"ರೈಯೋಲಿಗೆ ಒಂದು ಸಲ ಹೋದವರು ಮತ್ತೆ ಯಾಕೆ ಹೋಗ್ತಾರೆ?" ಗುಜರಾತಿನ ರೈಯೋಲಿಯ ಡೈನೋಸಾರ್ ಪಾರ್ಕು, ಮ್ಯೂಸಿಯಂಗೆ ಮಕ್ಕಳಿರುವ ಮನೆಯವರನ್ನು ಬಸ್ಸಿನಲ್ಲಿ ಕರೆದೊಯ್ಯುತ್ತೇನೆ ಅಂದಾಗ, ಮೂರು ವರ್ಷದ ಹಿಂದೆ, ಈ ಮಾತನ್ನು ಕನಿಷ್ಠ ಹತ್ತು ಜನ ಹೇಳಿದ್ದರು. ಹೊರಗಿನವರಲ್ಲ, ಮಕ್ಕಳ ವಿಜ್ಞಾನ ಶಿಬಿರ ನಡೆಸುವ ನಮ್ಮ ಗೆಳೆಯರೇ. ಅರ್ಧ ಗಂಟೆ ನೋಡ್ತಾರೆ, ದೊಡ್ಡ ಡೈನೋಸಾರ್ ಮುಂದೆ ಸೆಲ್ಫಿ ತಗೋತಾರೆ, ಊಟ ಎಲ್ಲಿ ಅಂತ ಕೇಳ್ತಾರೆ ಅಂದರು. ಕಳೆದ ದೀಪಾವಳಿ ರಜೆಯಲ್ಲಿ ಐದು ಮನೆಯವರು ನನ್ನ ಜೊತೆ ನಾಲ್ಕನೇ ಸಲ ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ವಡೋದರಾದಲ್ಲಿ, ತವರು ಚಿಕ್ಕೋಡಿ ಕಡೆ. ಬಾಲಾಸಿನೋರ್ ಹತ್ತಿರದ ರೈಯೋಲಿ ಇಲ್ಲಿಂದ ಬಸ್ಸಿನಲ್ಲಿ ಎರಡು, ಎರಡೂವರೆ ಗಂಟೆ. 1980ರ ದಶಕದ ಶುರುವಿನಲ್ಲಿ ಅಲ್ಲಿ ಡೈನೋಸಾರ್ ಮೂಳೆ, ಮೊಟ್ಟೆ ಸಿಕ್ಕವು. ಮ್ಯೂಸಿಯಂ ಶುರುವಾಗಿದ್ದು 2019ರಲ್ಲಿ. ಇಲ್ಲಿ ಸಿಕ್ಕ ಒಂದು ಮಾಂಸಾಹಾರಿ ಡೈನೋಸಾರ್‌ಗೆ 2003ರಲ್ಲಿ ರಾಜಾಸಾರಸ್ ಅಂತ ಹೆಸರಿಟ್ಟರು.

ಮೊದಲು ಸೋತ ಕಥೆ. ಮೊದಲ ಸಲ ಮೇ ರಜೆಯಲ್ಲಿ ಹೋದೆವು. ಹನ್ನೆರಡು ಪುಟದ ಬಣ್ಣದ ವರ್ಕ್‌ಶೀಟ್ ಮಾಡಿಸಿದ್ದೆ, ಅದಕ್ಕೇ ನಾಲ್ಕು ಸಾವಿರದ ಹತ್ತಿರ ಖರ್ಚು. ಮಕ್ಕಳು ಎರಡು ಪುಟ ತುಂಬಿಸಿದರು, ಉಳಿದ ಹತ್ತು ಪುಟದಲ್ಲಿ ಗಾಳಿ ಬೀಸಿಕೊಂಡರು. ಅಗೆಯುವ ಆಟಕ್ಕೆ ಅಂತ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮೂಳೆ ಹುದುಗಿಸಿ ಇಪ್ಪತ್ತು ಹಲಗೆ ಎರಕ ಹೊಯ್ದಿದ್ದೆ. ಬರೀ ಪ್ಲಾಸ್ಟರ್ ಹಾಕಿದ್ದೇ ತಪ್ಪು. ಕಲ್ಲಾಗಿ ಕೂತಿತು. ಒಬ್ಬ ಹುಡುಗ ಸ್ಕ್ರೂಡ್ರೈವರ್ ಹಾಕಿ ಕುಟ್ಟಿದ, ಒಳಗಿನ ಮೂಳೆ ಮುರಿಯಿತೇ ಹೊರತು ಹಲಗೆ ಬಿಡಲಿಲ್ಲ. ಹನ್ನೊಂದು ಗಂಟೆಗೆ ನೆಲ ಕಾದು ಪಾರ್ಕಿನಲ್ಲಿ ಯಾರೂ ನಿಲ್ಲಲಾಗಲಿಲ್ಲ. ಎಲ್ಲ ಸೇರಿ ಎಂಟು-ಒಂಬತ್ತು ಸಾವಿರ ಕೈಯಿಂದ ಹೋಯಿತು.

ಎರಡನೇ ಸಲ ಸಂಕ್ರಾಂತಿಗೆ ಇಟ್ಟೆ. ಹೆಸರು ಕೊಟ್ಟವರು ಹನ್ನೊಂದು ಮನೆ, ಬಂದವರು ಮೂರು ಮನೆ. ಜನವರಿ 14, 15 ಅಂದರೆ ಗುಜರಾತಿನಲ್ಲಿ ಊರಿಗೆ ಊರೇ ತಾರಸಿ ಮೇಲೆ. ಗಾಳಿಪಟ ಬಿಟ್ಟು ಯಾರು ಬರುತ್ತಾರೆ? ನಮ್ಮ ಕನ್ನಡದ ಮನೆಗಳ ಮಕ್ಕಳೂ ಇಲ್ಲಿ ಹುಟ್ಟಿ ಬೆಳೆದವರೇ ಅಲ್ವಾ. ಬಸ್ಸಿಗೆ ಕೊಟ್ಟ ಅಡ್ವಾನ್ಸ್ ಐದು ಸಾವಿರ ವಾಪಸ್ ಬರಲಿಲ್ಲ. ಈಗ ಅದರ ಮುಂದಿನ ಭಾನುವಾರ ಇಡುತ್ತೇನೆ. ಆ ದಿನ ಉಳಿದ ಪಟದ ಕಾಗದದಲ್ಲಿ ಟೆರೊಸಾರ್ ಮಾಡಿ ಹಾರಿಸುತ್ತೇವೆ. ಇದು ಹಾರುತ್ತಿತ್ತು ನಿಜ, ಆದರೆ ಡೈನೋಸಾರ್ ಅಲ್ಲ ಅಂತ ಮಕ್ಕಳೇ ದೊಡ್ಡವರಿಗೆ ಹೇಳುತ್ತಾರೆ.

ದಾರಿ ತೋರಿಸಿದ್ದು ನಮ್ಮ ಅತ್ತೆ. ಒಂದು ದಿನ ಮನೆಯಲ್ಲಿ ರೈಯೋಲಿಯ ಆ ಹಳೆಯ ಕಥೆ ಹೇಳುತ್ತಿದ್ದೆ. ಊರಿನ ಹೆಣ್ಣುಮಗಳೊಬ್ಬಳು ದುಂಡಗಿನ ಕಲ್ಲಿನಲ್ಲಿ ಮಸಾಲೆ ಅರೆಯುತ್ತಿದ್ದಳು, ನೋಡಿದರೆ ಅದು ಡೈನೋಸಾರ್ ಮೊಟ್ಟೆ. ಅತ್ತೆ ಟಿವಿ ಬಿಟ್ಟು ನನ್ನ ಕಡೆ ತಿರುಗಿದರು. "ಎಷ್ಟ್ ದೊಡ್ಡದಿತ್ತವಾ? ನಮ್ಮ ಒಳ್ಳಿನ ಗುಂಡಿನಷ್ಟ?" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಮುಂದಿನ ವಾರ ಗುಂಡನ್ನೇ ಚೀಲದಲ್ಲಿ ಹಾಕಿಕೊಂಡು ಅವರನ್ನೂ ಮಗಳನ್ನೂ ಕರೆದುಕೊಂಡು ಹೋದೆ. ಇಬ್ಬರೂ ಒಂದು ಮೊಟ್ಟೆಯ ಮುಂದೆ ಇಪ್ಪತ್ತು ನಿಮಿಷ ನಿಂತರು. ಗುಂಡು ಹಿಡಿದು ಅಳೆದರು, ಜಗಳವಾಡಿದರು, ಮತ್ತೆ ಅಳೆದರು. ನನ್ನ ವರ್ಕ್‌ಶೀಟ್ ಒಂದು ದಿನವೂ ಯಾರನ್ನೂ ಇಪ್ಪತ್ತು ನಿಮಿಷ ನಿಲ್ಲಿಸಿರಲಿಲ್ಲ.

ಅಲ್ಲಿಂದ ನನ್ನ ಪದ್ಧತಿ ಇಷ್ಟೇ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಮನೆಯಿಂದ ಒಂದು ವಸ್ತು ತರಬೇಕು. ಉತ್ತರವನ್ನು ಮಗು ತನ್ನ ಮನೆಯ ಅತಿ ಹಿರಿಯರಿಗೆ ಹೇಳಬೇಕು, ಅವರಿಗೆ ಒಪ್ಪಿಗೆಯಾಗಬೇಕು. ಅಪ್ಪ-ಅಮ್ಮ ಬಾಯಿ ಹಾಕಬಾರದು. ಈ ಕೊನೆಯ ನಿಯಮ ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ. ಬೋರ್ಡ್ ಓದಿ ಮಗನ ಕಿವಿಯಲ್ಲಿ ಹೇಳುವ ಅಪ್ಪಂದಿರಿಗೆ ಈಗ ನೀರಿನ ಬಾಟಲಿ, ಊಟದ ಡಬ್ಬಿ ಹೊರುವ ಕೆಲಸ ಕೊಟ್ಟಿದ್ದೇನೆ.

ತುಂಬಾ ಚೆನ್ನಾಗಿ ಕೂತಿದ್ದು ಪಂಚಮಿಯದು. ನಾಗರ ಪಂಚಮಿ ನಮಗೆ ಶ್ರಾವಣ ಶುದ್ಧದಲ್ಲಿ, ಗುಜರಾತಿಗಳಿಗೆ ಶ್ರಾವಣ ಬಹುಳದಲ್ಲಿ, ಅಂದರೆ ಹದಿನೈದು ದಿನ ತಡ. ಇವೆರಡರ ನಡುವಿನ ಭಾನುವಾರ ಇಟ್ಟರೆ ಇಬ್ಬರೂ ಬರುತ್ತಾರೆ. ಪ್ರಶ್ನೆ: ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಯನ್ನು ತಿನ್ನಲು ಯಾರು ಬಂದರು? ಗುಜರಾತಿನ ಧೋಲಿ ಡುಂಗ್ರಿಯಲ್ಲಿ 1984ರಲ್ಲಿ ಭೂವಿಜ್ಞಾನಿ ಧನಂಜಯ ಮೋಹಬೆ ಅವರಿಗೆ ಒಂದು ಡೈನೋಸಾರ್ ಗೂಡು ಸಿಕ್ಕಿತು. ಒಡೆದ ಮೊಟ್ಟೆ, ಪಕ್ಕದಲ್ಲಿ ಅರ್ಧ ಮೀಟರ್ ಉದ್ದದ ಮರಿ, ಸುತ್ತ ಕೆಲವು ಸಣ್ಣ ಮೂಳೆ. ಆ ಸಣ್ಣ ಮೂಳೆಗಳು ಹಾವಿನವು ಅಂತ ಗೊತ್ತಾಗಿದ್ದು 2001ರಲ್ಲಿ. 2010ರಲ್ಲಿ ಅದಕ್ಕೆ ಸನಾಜೆ ಇಂಡಿಕಸ್ ಅಂತ ಹೆಸರಿಟ್ಟರು. ಮೂರೂವರೆ ಮೀಟರ್ ಹಾವು. ಹಳೆ ಸೀರೆಗೆ ಹತ್ತಿ ತುಂಬಿ ಅಷ್ಟುದ್ದದ ಹಾವು ಹೊಲಿದೆ, ಖರ್ಚು ಇನ್ನೂರು ರೂಪಾಯಿ ಇರಬಹುದು. ನಾನು ಕಥೆ ಹೇಳುವುದಿಲ್ಲ. ಮೊಟ್ಟೆ, ಮರಿ, ಮೂಳೆ ಎಲ್ಲಿ ಬಿದ್ದಿದ್ದವೋ ಹಾಗೇ ಚಾಪೆ ಮೇಲೆ ಇಡುತ್ತೇನೆ, ಉಳಿದದ್ದು ಅವರ ಕೆಲಸ. ಧಾರವಾಡ ಕಡೆಯ ಅಜ್ಜಿಯೊಬ್ಬರು ತಂಬಿಟ್ಟಿನ ಉಂಡೆ ಹಂಚುತ್ತಾ "ಹಂಗಾದ್ರ ಮರೀನ ತಿಂದಿತೋ ಇಲ್ಲೋ?" ಅಂತ ಮೊಮ್ಮಗನನ್ನು ಬಿಡದೆ ಕೇಳಿದರು. ತಿನ್ನುವ ಮೊದಲೇ ಎಲ್ಲರ ಮೇಲೂ ಮಣ್ಣು ಕುಸಿದಿರಬೇಕು ಅಂತ ಅವನೇ ಚಾಪೆ ನೋಡಿ ಹೇಳಿದ. ಅವನಿಗೆ ಒಂಬತ್ತು ವರ್ಷ. ವಿಜ್ಞಾನಿಗಳು ಹೇಳಿದ್ದೂ ಸುಮಾರು ಅದನ್ನೇ.

ಮಳೆಗಾಲದಲ್ಲಿ ಒಂದು ಎಚ್ಚರ. ಮಣ್ಣು ತೊಳೆದುಹೋಗಿ ಚಿಪ್ಪಿನ ಚೂರು ಮೇಲೆ ಕಾಣುತ್ತವೆ, ಮಕ್ಕಳ ಕೈ ಸುಮ್ಮನಿರುವುದಿಲ್ಲ. ಒಂದು ಸಲ ಬಸ್ ಹೊರಟ ಮೇಲೆ ಒಬ್ಬಳ ಜೇಬಿನಲ್ಲಿ ಚೂರು ಸಿಕ್ಕಿತು. ಬಸ್ ತಿರುಗಿಸಿದೆ. ಅವಳೇ ಹೋಗಿ ಪಾರ್ಕಿನವರ ಕೈಗೆ ಕೊಟ್ಟು ಬಂದಳು. ಮುಕ್ಕಾಲು ಗಂಟೆ ಹೋಯಿತು, ಡ್ರೈವರ್ ಮುಖ ಊದಿಸಿಕೊಂಡರು. ಮತ್ತೆ ಆ ಥರ ಆಗಿಲ್ಲ.

ನಡುವೆ ಒಂದು ಪಕ್ಕದ ಪ್ರಯೋಗ. ಇಲ್ಲಿ ಮೊಟ್ಟೆಯಿಟ್ಟ ಟೈಟನೊಸಾರ್ ಅನ್ನುವ ಉದ್ದ ಕತ್ತಿನ ಡೈನೋಸಾರ್‌ಗಳು ಕಾವು ಕೂರುತ್ತಿರಲಿಲ್ಲ, ಮೊಟ್ಟೆ ಹೂತಿಡುತ್ತಿದ್ದವು ಅಂತಾರಲ್ಲ, ಹಾಗಾದರೆ ಬಿಸಿ ಎಲ್ಲಿ ಸರಿಯಾಗಿ ಸಿಗುತ್ತದೆ ನೋಡೋಣ ಅಂತ ತಾರಸಿಯಲ್ಲಿ ಮೂರು ಬಕೆಟ್ ಇಟ್ಟು ಒಣ ಮರಳು, ಒದ್ದೆ ಮಣ್ಣು, ಅಡುಗೆಮನೆ ಗೊಬ್ಬರ ತುಂಬಿ ಒಂದೊಂದಕ್ಕೆ ಒಂದು ಥರ್ಮಾಮೀಟರ್ ಸಿಕ್ಕಿಸಿದೆವು. ಮರಳು ಹಗಲು 45 ಡಿಗ್ರಿ ದಾಟಿತು, ರಾತ್ರಿ ಪೂರ್ತಿ ಇಳಿಯಿತು. ಗೊಬ್ಬರ ಐದಾರು ದಿನ ಏರಿ ಆಮೇಲೆ ತಣ್ಣಗಾಯಿತು. ಒದ್ದೆ ಮಣ್ಣು ಹೆಚ್ಚು ಏರಿಳಿಯಲಿಲ್ಲ. ಇದರಿಂದ ಏನೂ ಸಾಬೀತಾಗುವುದಿಲ್ಲ, ಆದರೆ ಮಗಳು ಹತ್ತು ದಿನ ಬೆಳಿಗ್ಗೆ ಆರಕ್ಕೆ ತಾನೇ ಎದ್ದಳು.

ನವರಾತ್ರಿಯಲ್ಲಿ ಇಲ್ಲಿ ರಾತ್ರಿಯಿಡೀ ಗರ್ಬಾ. ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಯಾರೂ ಬರುವುದಿಲ್ಲ. ಹಾಗಾಗಿ ಆಗ ಮನೆಯಲ್ಲೇ ತಯಾರಿ, ದೀಪಾವಳಿ ರಜೆಯಲ್ಲಿ ಪ್ರಯಾಣ. ನಮ್ಮ ಗುಂಪಿನಲ್ಲಿ ಮೈಸೂರು ಕಡೆಯ ಮನೆ ಒಂದಿದೆ, ಒಂಬತ್ತು ಮೆಟ್ಟಿಲಿನ ಗೊಂಬೆ ಕೂರಿಸುತ್ತಾರೆ. ಭೂಮಿಗೆ ಸುಮಾರು 450 ಕೋಟಿ ವರ್ಷ. ಮೆಟ್ಟಿಲಿಗೆ 50 ಕೋಟಿ ಅಂದರೆ ಲೆಕ್ಕ ಸರಿಯಾಗಿ ಕೂರುತ್ತದೆ! ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ, ಅದು ಕೆಳಗಿನಿಂದ ಮೂರನೇ ಮೆಟ್ಟಿಲು. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ, ಹೋಗಿದ್ದು 6 ಕೋಟಿ 60 ಲಕ್ಷದ ಹಿಂದೆ. ಎರಡೂ ಮೇಲಿನ ಮೆಟ್ಟಿಲಲ್ಲೇ, ಪಟ್ಟದ ಗೊಂಬೆಯ ಪಕ್ಕ. ಬೆಂಗಳೂರಿನ ಬಂಡೆಯಲ್ಲಿ ಡೈನೋಸಾರ್ ಯಾಕೆ ಸಿಗುವುದಿಲ್ಲ ಅಂತ ಆಮೇಲೆ ಯಾವ ಮಗುವೂ ನನ್ನನ್ನು ಕೇಳಲಿಲ್ಲ.

ದೀಪಾವಳಿಯ ಪ್ರಶ್ನೆ, ಅವು ಎಲ್ಲಿ ಹೋದವು? ಆಗ ಅತ್ತೆಯ ಗುಂಡು ಮತ್ತೆ ಹೊರಗೆ ಬರುತ್ತದೆ. ಅದು ಚಿಕ್ಕೋಡಿಯ ಕಪ್ಪು ಕಲ್ಲು, ಅಂದರೆ ಜ್ವಾಲಾಮುಖಿಯಿಂದ ಹರಿದು ಗಟ್ಟಿಯಾದ ದಖ್ಖನ್ನಿನ ಲಾವಾ. ಡೈನೋಸಾರ್ ಮೊಟ್ಟೆ ಸಿಗುವ ಲ್ಯಾಮೆಟಾ ಅನ್ನುವ ಕಲ್ಲಿನ ಪದರದ ಮೇಲೆ ಹರಿದು ಕೂತಿರುವುದೂ ಅದೇ ದಖ್ಖನ್ ಲಾವಾ. ಡೈನೋಸಾರ್‌ಗಳು ಅಳಿದದ್ದರಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಆಕಾಶದ ಬಂಡೆಯದು ಎಷ್ಟು ಪಾಲು, ಈ ಲಾವಾದ್ದು ಎಷ್ಟು ಅಂತ ಮಕ್ಕಳು ಎರಡು ಪಕ್ಷವಾಗಿ ವಾದ ಮಾಡುತ್ತಾರೆ. ಗುಂಡು ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು. ಎರಡೂವರೆ ಕಿಲೋ ಇದೆ, ಭಾಷಣ ತಾನಾಗೇ ಚಿಕ್ಕದಾಗುತ್ತದೆ.

ದುಡ್ಡಿನ ವಿಷಯ. ಬಸ್ಸಿಗೆ ಹದಿನಾಲ್ಕು ಸಾವಿರದ ಆಸುಪಾಸು. ಏಳು ಮನೆ ಸೇರಿದರೆ ಮನೆಗೆ ಊಟ ಸೇರಿ ಎರಡೂವರೆ, ಎರಡು ಮುಕ್ಕಾಲು ಸಾವಿರ, ಟಿಕೆಟ್ ಅವರವರದು. ನನಗೆ ಒಂದು ಪ್ರಯಾಣಕ್ಕೆ ಎರಡರಿಂದ ಮೂರು ಸಾವಿರ ಉಳಿಯುತ್ತದೆ. ಹಳೆಯ ನಷ್ಟ ತೀರಲು ಒಂದೂವರೆ ವರ್ಷ ಬೇಕಾಯಿತು. ಏಳಕ್ಕಿಂತ ಜಾಸ್ತಿ ಮನೆ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಹನ್ನೆರಡು ಮನೆ ಒಯ್ದೆ, ದುಡ್ಡು ಬಂತು, ಆದರೆ ಒಂದು ಮಗುವಿನ ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಅಗೆಯುವ ಹಲಗೆ ಈಗ ಸರಿಯಾಗಿದೆ. ಪ್ಲಾಸ್ಟರ್ ಕಡಿಮೆ, ಮರಳು ಜಾಸ್ತಿ, ಜೊತೆಗೆ ಅಡುಗೆಮನೆಯ ಒಂದು ಪದಾರ್ಥ. ಆರು ವರ್ಷದ ಮಗುವೂ ಐಸ್‌ಕ್ರೀಂ ಕಡ್ಡಿಯಲ್ಲಿ ಬಿಡಿಸುತ್ತದೆ, ಆದರೂ ಬಸ್ಸಿನ ಕುಲುಕಾಟಕ್ಕೆ ಒಡೆಯುವುದಿಲ್ಲ. ಆ ಪದಾರ್ಥ ಯಾವುದು ಅಂತ ಹೇಳುವುದಿಲ್ಲ, ಹದಿನಾರು ಸಲ ಕೆಡಿಸಿ ಕಂಡುಕೊಂಡದ್ದು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳುವ ಕೊನೆಯ ಪ್ರಶ್ನೆಯೂ ನನ್ನ ಹತ್ತಿರವೇ ಇರಲಿ. ಆ ಧಾರವಾಡದ ಅಜ್ಜಿ ಪಂಚಮಿಗೆ ಇನ್ನೂ ತಿಂಗಳಿರುವಾಗಲೇ ಫೋನ್ ಮಾಡಿದ್ದಾರೆ, ಎರಡು ಸೀಟು ಹಿಡಿದಿಡು, ಈ ಸಲ ಏನು ಕೇಳ್ತೀ ಹೇಳು ಅಂತ. ಸೀಟು ಹಿಡಿದಿದ್ದೇನೆ.