ಲಾಕ್‌ಡೌನ್ ವರ್ಷದ ಒಡ್ಡಿನ ಕೆಲಸ

2020ರ ಮೇ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯ ನಮ್ಮ ಹಳ್ಳಿಗಳಿಗೆ ಗುಳೆ ಹೋದವರೆಲ್ಲ ವಾಪಸ್ ಬಂದಿದ್ದರು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ನಿಂತಿತ್ತು. ನಾನಾಗ ಉದ್ಯೋಗ ಖಾತ್ರಿ ಯೋಜನೆಯಲ್ಲಿ ತಾಂತ್ರಿಕ ಸಹಾಯಕ. ಎಸ್ಟಿಮೇಟ್ ಮಾಡುವುದು, ಗುರುತು ಹಾಕಿಕೊಡುವುದು, ಅಳತೆ ತೆಗೆದು ಎಂ.ಬಿ. (ಅಳತೆ ಪುಸ್ತಕ) ಬರೆಯುವುದು ನನ್ನ ಪಾಲಿನ ಕೆಲಸ.

ಕೇಂದ್ರ ಬಜೆಟ್‌ನಲ್ಲಿ ಯೋಜನೆಗೆ 61,500 ಕೋಟಿ ರೂಪಾಯಿ ಇತ್ತು. ಮೇ ತಿಂಗಳಲ್ಲಿ ಇನ್ನೂ 40,000 ಕೋಟಿ ಘೋಷಣೆಯಾಯಿತು. ನಮ್ಮ ರಾಜ್ಯದ ದಿನಗೂಲಿ 249ರಿಂದ 275 ರೂಪಾಯಿಗೆ ಏರಿತ್ತು. ಆದರೆ ಪಂಚಾಯಿತಿ ಬಾಗಿಲಿಗೆ ಬಂದವರು ಕೇಳುತ್ತಿದ್ದದ್ದು ಒಂದೇ: "ಸರ್, ನಾಳಿಂದ ಕೆಲಸ ಕೊಡ್ತೀರೇನ್ರಿ?"

ಸಿ.ಸಿ. ರಸ್ತೆ ಮಾಡೋಣ ಎಂದವರೂ ಇದ್ದರು. ಅದರಲ್ಲಿ ಹೆಚ್ಚು ದುಡ್ಡು ಸಿಮೆಂಟು, ಜಲ್ಲಿಗೆ ಹೋಗುತ್ತದೆ. ಯೋಜನೆಯಲ್ಲಿ ಆಗ ನೂರರಲ್ಲಿ ಕೂಲಿಗೆ ಕಡಿಮೆ ಎಂದರೂ 60 ಭಾಗ, ಸಾಮಗ್ರಿಗೆ 40ರೊಳಗೆ ಎಂಬ ನಿಯಮ ಬೇರೆ ಇತ್ತು. ಅದಕ್ಕೇ ನಾವು ಸಣ್ಣ ರೈತರ ಹೊಲಕ್ಕೆ ಒಡ್ಡು, ಅಂದರೆ ಮಳೆನೀರು ತಡೆಯುವ ಮಣ್ಣಿನ ದಿಬ್ಬ, ಹಾಕಿಸುವುದನ್ನು ಮೊದಲು ಹಿಡಿದೆವು. ಸಲಿಕೆ, ಗುದ್ದಲಿ, ಬುಟ್ಟಿ ಇದ್ದರೆ ಸಾಕು. ಬಿತ್ತನೆಗೆ ಮುಂಚೆ ಹೊಲ ಖಾಲಿ ಇರುತ್ತದೆ. ಜನ ದೂರ ದೂರ ನಿಂತೂ ಕೆಲಸ ಮಾಡಬಹುದು. ಆ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಕಾಮಗಾರಿ ಇರಲಿಲ್ಲ ಎಂದೇ ಈಗಲೂ ನನ್ನ ನಂಬಿಕೆ.

ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋಗಿ ಸುಣ್ಣದ ಪುಡಿಯಲ್ಲಿ, ಒಡ್ಡಿಗೆ ಮಣ್ಣು ತೆಗೆಯುವ ಗುಂಡಿಗಳ ಗುರುತು ಹಾಕುತ್ತಿದ್ದೆ. ಒಂದು ಮನೆಯವರಿಗೆ ಒಂದು ಗುಂಡಿ, ಮಧ್ಯೆ ಜಾಗ. ತೆಗೆದ ಮಣ್ಣನ್ನು ಇಳಿಜಾರಿನ ಕೆಳಗಡೆ ಹಾಕಿ, ಹೆಂಟೆ ಒಡೆದು, ತುಳಿದು ಗಟ್ಟಿ ಮಾಡಬೇಕು. ಹೆಂಟೆ ಹಾಗೇ ಬಿಟ್ಟರೆ ಮೊದಲ ಮಳೆಗೇ ಒಡ್ಡು ಕುಸಿಯುತ್ತದೆ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹೆಚ್ಚಿನ ನೀರು ಹೋಗಲು ಕಲ್ಲಿನ ಕೋಡಿ ಬೇಕೇ ಬೇಕು. ಇಲ್ಲದಿದ್ದರೆ ನೀರು ನಿಂತು ಬೆಳೆ ಕೊಳೆಯುತ್ತದೆ. ಕೂಲಿಕಾರರ ಗುಂಪನ್ನು ನೋಡಿಕೊಳ್ಳುವ ಕಾಯಕ ಬಂಧು ಹಾಜರಿ ಹಾಕಿಕೊಳ್ಳುತ್ತಿದ್ದರು. ನಾನು ಟೇಪು ಹಿಡಿದು ಒಂದೊಂದು ಗುಂಡಿಯ ಉದ್ದ, ಅಗಲ, ಆಳ ಬರೆದುಕೊಳ್ಳುತ್ತಿದ್ದೆ. ಅಳತೆ ತಡವಾದರೆ ಕೂಲಿಯೂ ತಡ, ಅಲ್ವಾ?

ತೊಡಕು ಜಾಸ್ತಿ ಆದದ್ದು ಕಾಗದದಲ್ಲಿ. ವರ್ಷಗಟ್ಟಲೆ ಊರಲ್ಲಿಲ್ಲದ ಹುಡುಗರ ಹೆಸರು ಜಾಬ್ ಕಾರ್ಡಿನಲ್ಲಿ ಇರಲಿಲ್ಲ. ಕೆಲವರ ಬ್ಯಾಂಕ್ ಖಾತೆ ವ್ಯವಹಾರವಿಲ್ಲದೆ ನಿಂತುಹೋಗಿತ್ತು. ಪಂಚಾಯಿತಿಯಲ್ಲಿ ಕೂತು ಹೆಸರು ಸೇರಿಸಿದೆವು, ಕೆಲಸ ಕೇಳುವ ಅರ್ಜಿ ನಮೂನೆ 6 ತುಂಬಿಸಿದೆವು, ಖಾತೆಗೆ ಆಧಾರ್ ಜೋಡಿಸಲು ಬ್ಯಾಂಕಿಗೆ ಕಳಿಸಿದೆವು.

ಕೂಲಿ ಖಾತೆಗೆ ಬಿದ್ದ ವಾರ ಕಿರಾಣಿ ಅಂಗಡಿಯ ಹಳೇ ಉದ್ರಿ ತೀರಿತು. ಬೀಜ, ಗೊಬ್ಬರಕ್ಕೆ ಸಾಲ ಕೇಳಬೇಕಾಗಿದ್ದವರು ಕೂಲಿ ದುಡ್ಡಲ್ಲೇ ತಂದರು. ಊರಿನ ದುಡ್ಡು ಊರಲ್ಲೇ ಓಡಾಡಿತು.

ಒಂದು ಕೊರತೆ ಮಾತ್ರ ಉಳಿಯಿತು. ಆಗ ವರ್ಷಕ್ಕೆ 100 ದಿನದ ಕೆಲಸ ಎಂಬುದು ಇಡೀ ಮನೆಗೆ ಸೇರಿ ಇತ್ತು. ನಾಲ್ಕು ಜನ ಒಟ್ಟಿಗೆ ಬಂದರೆ ಇಪ್ಪತ್ತೈದೇ ದಿನಕ್ಕೆ ಮುಗಿಯುತ್ತಿತ್ತು. ಅಂಥ ವರ್ಷದಲ್ಲಿ ಅದು ಸಾಲದು, ಖಂಡಿತ ಸಾಲದು. ಈಗ ನಾನು ಜನವರಿಯಲ್ಲೇ ಹೊಲ ಸುತ್ತಿ ಎಸ್ಟಿಮೇಟ್ ಸಿದ್ಧ ಮಾಡಿಡುತ್ತೇನೆ. ಒಮ್ಮೆಲೇ ಜನ ಬಂದರೂ ಮರುದಿನವೇ ಗುರುತು ಹಾಕಿಕೊಡಬಹುದು.